ಇನ್ನೊಂದು ಸೀಸನ್ ಆಗಲಿ

ನ್ಯೂಯಾರ್ಕಿಗೆ ಹತ್ತಿರದ ಐಸೆಲಿನ್‌ನ ಓಕ್ ಟ್ರೀ ರಸ್ತೆಯಲ್ಲಿರುವ ಶಾಂತಾರಾಮ ಹೆಬ್ಬಾರರ ಹೋಟೆಲಿಗೆ ದೋಸೆ ತಿನ್ನಲು ಹೋಗುವವರು ಒಂದು ವಿಷಯದಲ್ಲಿ ಎಚ್ಚರವಾಗಿರಬೇಕು. ಅಪ್ಪಿತಪ್ಪಿಯೂ ಬೇಸ್‌ಬಾಲಿನ ಮಾತೆತ್ತಬಾರದು. ಎತ್ತಿದರೆ ಬಿಲ್ಲು ಕೊಟ್ಟು ಹೊರಬೀಳುವುದು ಅಷ್ಟು ಸುಲಭವಲ್ಲ. ಹಿಂದೆ ನಿಂತವರ ಸಾಲು ಬಾಗಿಲವರೆಗೆ ಬೆಳೆದರೂ ಚಿಲ್ಲರೆ ಹೆಬ್ಬಾರರ ಮುಷ್ಟಿಯಲ್ಲೇ ಇರುತ್ತದೆ, ಮಾತು ಮಾತ್ರ ಮುಂದುವರಿಯುತ್ತದೆ.

ಕ್ಯಾಶ್ ಕೌಂಟರಿನ ಹಿಂದೆ ಕೂರುವ, ಅರವತ್ತು ದಾಟಿದ ಈ ಸಣಕಲು ಮನುಷ್ಯನ ತಲೆಯ ಮೇಲೆ ಸದಾ ಒಂದು ಟೋಪಿ. ಅದು ನ್ಯೂಯಾರ್ಕಿನ ದೊಡ್ಡ ತಂಡಗಳದ್ದಲ್ಲ. ಮುಕ್ಕಾಲು ಗಂಟೆ ದೂರದ ಒಂದು ಸಣ್ಣ ಮೈದಾನದ, ಮೈನರ್ ಲೀಗ್ ತಂಡದ್ದು. ದೊಡ್ಡ ತಂಡಗಳಿಗೆ ಆಟಗಾರರು ತಯಾರಾಗುವುದು ಇಂಥ ಜಾಗಗಳಲ್ಲೇ. ಹದಿನೆಂಟು ಇಪ್ಪತ್ತರ ಹುಡುಗರನ್ನು ಕರೆತಂದು, ಒಂದು ವರ್ಷ ಈ ಊರು ಇನ್ನೊಂದು ವರ್ಷ ಆ ಊರು ಎಂದು ಆಡಿಸಿ, ಮೆಟ್ಟಿಲು ಮೆಟ್ಟಿಲಾಗಿ ಹತ್ತಿಸುತ್ತಾರೆ. ಕೊನೆಯ ಮೆಟ್ಟಿಲು ಹತ್ತಿದವನು ನ್ಯೂಯಾರ್ಕ್ ಸೇರುತ್ತಾನೆ. ಹತ್ತಲಾರದವನು ತನ್ನೂರಿಗೆ ಹೋಗಿ ಬೇರೆ ಕೆಲಸ ಹುಡುಕುತ್ತಾನೆ.

ಶಾಂತಾರಾಮರ ತಕರಾರು ಇರುವುದು ಈ ಹತ್ತಿಸುವ ವೇಗದ ಬಗ್ಗೆ.

"ಈ ನ್ಯೂಯಾರ್ಕಿನವರಿಗೆ ಎಂತ ಅವಸರ ಮಾರಾಯ್ರೇ! ಬ್ಯಾಟು ಹಿಡಿಯುವವನನ್ನು ಬೇಕಾದ್ರೆ ನಾಳೆಯೇ ಮೇಲೆ ತನ್ನಿ, ನನ್ನದೇನೂ ಅಡ್ಡಿ ಇಲ್ಲ. ಅವ ಎಡವಿದ್ರೆ ಮನಸ್ಸಿಗೆ ಪೆಟ್ಟು, ನಾಲ್ಕು ದಿನದಲ್ಲಿ ಸರಿಯಾಗ್ತದೆ. ಪಿಚರ್ ಹಾಗಲ್ಲ. ಚೆಂಡು ಎಸೆಯುವವನಿಗೆ ಇರುವುದು ಒಂದೇ ಕೈ. ಅದು ಹೋದ್ರೆ ಹೋಯ್ತು. ಬರೀ ಜೋರಾಗಿ ಎಸೆಯಲಿಕ್ಕೆ ಬಂದ್ರೆ ಆಯ್ತಾ? ಜೋರಾಗಿ ಎಸೆದ ಹಾಗೆ ಕೈ ಬೀಸಿ ಮೆತ್ತಗೆ ಬಿಡಲಿಕ್ಕೂ ಬರಬೇಕು. ಅದನ್ನು ಕಲಿಯುವುದು ಸಣ್ಣ ಊರಿನಲ್ಲಿ. ಸೋಲುವುದಿದ್ರೂ ಅಲ್ಲೇ ಸೋಲಬೇಕು, ನಲವತ್ತು ಸಾವಿರ ಜನರ ಎದುರು ಅಲ್ಲ."

"ಹಾಗಾದ್ರೆ ಹುಡುಗನನ್ನ ಯಾವಾಗ ಪ್ರಮೋಟ್ ಮಾಡ್ಬೇಕು ಅಂಕಲ್?" ಎಂದು ಗಿರಾಕಿ ಕೇಳಿದರೆ ಉತ್ತರ ಯಾವತ್ತೂ ಒಂದೇ.

"ಇನ್ನೊಂದು ಸೀಸನ್ ಆಗಲಿ."

ಯಾವ ಹುಡುಗನಾದರೂ ಸರಿ, ಯಾವ ವರ್ಷವಾದರೂ ಸರಿ, ಇನ್ನೊಂದು ಸೀಸನ್ ಆಗಲೇಬೇಕು.

ಇದು ಶಾಂತಾರಾಮರು ಹುಟ್ಟುವಾಗಲೇ ತಂದ ಅಭಿಪ್ರಾಯವಲ್ಲ. ಒಂದು ಕಾಲದಲ್ಲಿ ಅವರಷ್ಟು ಅವಸರದ ಮನುಷ್ಯ ಮಿಡಲ್‌ಸೆಕ್ಸ್ ಕೌಂಟಿಯಲ್ಲೇ ಇರಲಿಲ್ಲ. ಕೋಟದ ಕಡೆಯಿಂದ ಬಂದು, ಮ್ಯಾನ್‌ಹಟನ್‌ನ ಒಂದು ಹೋಟೆಲಿನ ಅಡುಗೆಮನೆಯಲ್ಲಿ ವರ್ಷಗಟ್ಟಲೆ ಈರುಳ್ಳಿ ಹೆಚ್ಚಿ, ಪಾತ್ರೆ ತೊಳೆಯುವ ಪೋರ್ಟೊರಿಕೋದ ಗೆಳೆಯನ ರೇಡಿಯೋದಲ್ಲಿ ಈ ಆಟವನ್ನು ಕಿವಿಯಿಂದಲೇ ಕಲಿತವರು ಅವರು. ಆಮೇಲೆ ಸ್ವಂತ ಹೋಟೆಲು ಇಟ್ಟರು. ಮಗ ಸೂರಜ್ ಹನ್ನೆರಡು ವರ್ಷದವನಾಗಿದ್ದಾಗ ಶಾಲೆಯ ಕೋಚ್ ಕರೆದು, ನಿಮ್ಮ ಹುಡುಗನ ಕೈಯಲ್ಲಿ ಏನೋ ಇದೆ ಎಂದುಬಿಟ್ಟ. ಅಷ್ಟು ಸಾಕಾಯಿತು.

ಎಸೆಯುವ ಕೈಯನ್ನು ಶಾಂತಾರಾಮರು ಗಣಿತದ ಟ್ಯೂಷನ್ ಎಂದೇ ತಿಳಿದರು. ಒಂದು ಕಡೆ ಹೋದರೆ ಒಳ್ಳೆಯದು, ಮೂರು ಕಡೆ ಹೋದರೆ ಮೂರು ಪಟ್ಟು ಒಳ್ಳೆಯದು! ಶಾಲೆಯ ತಂಡಕ್ಕೊಂದು, ಟೌನ್‌ಶಿಪ್ಪಿನ ತಂಡಕ್ಕೊಂದು, ಭಾನುವಾರ ಪೆನ್ಸಿಲ್ವೇನಿಯಾಕ್ಕೆ ಹೋಗಿ ಆಡುವ ತಂಡಕ್ಕೊಂದು ಎಂದು ಹುಡುಗನನ್ನು ಹಂಚಿದರು. ಒಬ್ಬ ಹುಡುಗ ವಾರಕ್ಕೆ ಇಷ್ಟೇ ಎಸೆಯಬೇಕೆಂದು ಪ್ರತಿ ತಂಡದಲ್ಲೂ ಮಿತಿ ಇತ್ತು. ಆದರೆ ಒಂದು ತಂಡದ ಕೋಚಿಗೆ ಇನ್ನೊಂದು ತಂಡದ ಸುದ್ದಿ ಗೊತ್ತಿರಲಿಲ್ಲ, ಗೊತ್ತಾಗದಂತೆ ಶಾಂತಾರಾಮರೇ ನೋಡಿಕೊಂಡಿದ್ದರು. ಇದೆಲ್ಲದರ ಮೇಲೆ ಮನೆಪಾಠ ಬೇರೆ. ಹೋಟೆಲಿನ ಹಿಂದಿನ ಪಾರ್ಕಿಂಗ್ ಜಾಗದಲ್ಲಿ ಗೋಡೆಗೆ ಹಳೆಯ ಹಾಸಿಗೆ ಒರಗಿಸಿ, ಅದರ ಮೇಲೆ ಇದ್ದಿಲಿನಿಂದ ಚೌಕ ಬರೆದು, ಕತ್ತಲಾಗುವವರೆಗೆ ಎಸೆಯಿಸುತ್ತಿದ್ದರು. ಕೈ ನೋಯುತ್ತದೆ ಎಂದು ಹುಡುಗ ಹೇಳಿದರೆ ಊರಿನಿಂದ ತರಿಸಿದ ತೈಲ ಬಿಸಿ ಮಾಡಿ ತಿಕ್ಕುತ್ತಿದ್ದರು. ಹೆಂಡತಿ ಅಮಿತಾ, "ಸಾಕು ಮಾಡಿ, ಮಗು ಅದು" ಎಂದರೆ, "ನಿನಗೆ ಗೊತ್ತಾಗುದಿಲ್ಲ, ಸುಮ್ಮನಿರು" ಎಂದು ಬಾಯಿ ಮುಚ್ಚಿಸುತ್ತಿದ್ದರು.

ಹದಿನಾರನೆಯ ವಯಸ್ಸಿನಲ್ಲಿ ಸೂರಜನ ಮೊಣಕೈಯೊಳಗೆ ಮೂಳೆಗಳನ್ನು ಬಿಗಿದಿಡುವ ಪಟ್ಟಿ ಹರಿಯಿತು. ಆಪರೇಷನ್ ಆಯಿತು, ಒಂದು ವರ್ಷ ವಿಶ್ರಾಂತಿಯೂ ಆಯಿತು. ಕೈ ವಾಸಿಯಾಯಿತು, ಎಸೆತ ಮಾತ್ರ ವಾಪಸು ಬರಲಿಲ್ಲ. ಹುಡುಗ ಅಪ್ಪನನ್ನು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಗ್ಲೌಸನ್ನು ಯಾರಿಗೋ ಕೊಟ್ಟುಬಿಟ್ಟ. ಕಾಲೇಜಿಗೆಂದು ಅರಿಜೋನಾಕ್ಕೆ ಹೋದವನು ಅಲ್ಲೇ ಕೆಲಸ ಹಿಡಿದು ಉಳಿದ. ಈಗ ಚೌತಿಗೂ ದೀಪಾವಳಿಗೂ ಫೋನ್ ಮಾಡುತ್ತಾನೆ. ಹೆಲ್ತ್ ಹೇಗಿದೆ ಎಂದು ಕೇಳುತ್ತಾನೆ, ಅಲ್ಲಿಯ ಬಿಸಿಲಿನ ಸುದ್ದಿ ಹೇಳುತ್ತಾನೆ, ಇಡುತ್ತಾನೆ.

ಅಂದಿನಿಂದ ಶಾಂತಾರಾಮರು ನಿಧಾನದ ಪರಮ ಭಕ್ತರಾದರು. ಆ ಭಕ್ತಿಯ ಪೂರ್ತಿ ಭಾರ ಬಿದ್ದದ್ದು ಮಗಳು ತೃಷಾಳ ಮೇಲೆ.

ತೃಷಾ ಮ್ಯಾನ್‌ಹಟನ್‌ನ ಬ್ಯಾಂಕೊಂದರಲ್ಲಿ ಕೆಲಸದಲ್ಲಿದ್ದಳು. ಐದು ವರ್ಷದ ಹಿಂದೆ ಅಮಿತಾ ಕ್ಯಾನ್ಸರಿನಿಂದ ತೀರಿಕೊಂಡಾಗ, ಅಪ್ಪನಿಗೆ ಒಂದು ತಿಂಗಳು ಆಸರೆಯಾಗಿರೋಣ ಎಂದು ಬಂದವಳು ಮತ್ತೆ ಬ್ಯಾಂಕಿನ ಕಡೆ ತಲೆಹಾಕಲಿಲ್ಲ. ಅಪ್ಪನ ಮೇಲಿನ ಕರುಣೆಯಿಂದ ಉಳಿದಳು ಎಂದು ಓಕ್ ಟ್ರೀ ರಸ್ತೆಯೆಲ್ಲ ಹೊಗಳಿತು. ಅದು ಅರ್ಧ ಸತ್ಯ. ಇನ್ನರ್ಧ ಏನೆಂದರೆ, ಅವಳಿಗೆ ದೋಸೆ ಕಾವಲಿಯ ಮೇಲೆ ಮನಸ್ಸಾಗಿತ್ತು. ಕಾದ ಕಾವಲಿಯ ಮೇಲೆ ಹಿಟ್ಟು ಹರಡುವಾಗ ಏಳುವ ಸದ್ದು ಕೇಳಿದರೆ ಅವಳ ಮುಖವೇ ಬದಲಾಗುತ್ತಿತ್ತು.

ಉಡುಪಿ ಹೋಟೆಲಿನಲ್ಲೂ ಮೆಟ್ಟಿಲುಗಳಿವೆ. ಮೊದಲು ಚಟ್ನಿ, ಆಮೇಲೆ ಇಡ್ಲಿ, ಆಮೇಲೆ ಎಣ್ಣೆಯ ಬಾಣಲೆ, ಕೊನೆಗೆ ಕಾವಲಿ. ಕಾವಲಿಯಲ್ಲೂ ವಾರದ ದಿನಗಳ ಕಾವಲಿ ಬೇರೆ, ಶನಿವಾರ ಭಾನುವಾರಗಳ ಕಾವಲಿ ಬೇರೆ. ವೀಕೆಂಡಿನಲ್ಲಿ ಫಿಲಡೆಲ್ಫಿಯಾದಿಂದಲೂ ಜನ ಬಂದು ಹೊರಗೆ ಕಾಯುತ್ತಾರೆ. ಆಗ ಕಾವಲಿಗೆ ನಿಲ್ಲುವವರು ದಿವಾಕರ, ಇಪ್ಪತ್ತು ವರ್ಷದಿಂದ ಅಲ್ಲೇ ಬೇಯುತ್ತಿರುವ ಹಳೆಯ ಕೈ. ತೃಷಾಳಿಗೆ ಸಿಕ್ಕುತ್ತಿದ್ದದ್ದು ಬುಧವಾರ ಗುರುವಾರಗಳ ಸಪ್ಪೆ ಮಧ್ಯಾಹ್ನಗಳು. ಅದಕ್ಕೂ ಮಿತಿ ಇತ್ತು. ಪಿಚರ್‌ಗಳ ಎಸೆತ ಎಣಿಸಲು ಕೋಚುಗಳು ಹಿಡಿಯುವ, ಒತ್ತಿದರೆ ಕ್ಲಿಕ್ ಎನ್ನುವ ಪುಟ್ಟ ಯಂತ್ರವೊಂದನ್ನು ಶಾಂತಾರಾಮರು ಕೊಂಡುತಂದಿದ್ದರು. ಮಗಳು ದೋಸೆ ಹುಯ್ಯುವಾಗ ಅಡುಗೆಮನೆಯ ಬಾಗಿಲಲ್ಲಿ ನಿಂತು ದೋಸೆಗೊಂದು ಕ್ಲಿಕ್ ಮಾಡುತ್ತಿದ್ದರು. ನೂರು ಆದ ತಕ್ಷಣ, "ಆಯ್ತು ಮಗಾ, ಇವತ್ತಿಗೆ ಕೈ ಸಾಕು" ಎಂದು ಸೌಟು ಇಸಿದುಕೊಳ್ಳುತ್ತಿದ್ದರು. ದೋಸೆ ಹುಯ್ದು ಕೈ ಕಳೆದುಕೊಂಡವರ ಸುದ್ದಿ ಯಾರೂ ಕೇಳಿರಲಿಲ್ಲ. ದಿವಾಕರ ಬೆನ್ನು ತಿರುಗಿಸಿ ನಗುತ್ತಿದ್ದರು. ತೃಷಾ ಮೊದಲ ವರ್ಷ ನಕ್ಕಳು, ಎರಡನೆಯ ವರ್ಷ ಸಿಡುಕಿದಳು, ಮೂರನೆಯ ವರ್ಷದಿಂದ ಸುಮ್ಮನಾದಳು.

ಹಾಗೆಂದು ಮನೆಯಲ್ಲಿ ಜಗಳವೇನೂ ಇರಲಿಲ್ಲ. ಮಂಗಳವಾರ ಹೋಟೆಲಿಗೆ ರಜೆ. ಅಂದು ಅಪ್ಪ ಮಗಳು ಇಬ್ಬರೂ ಆ ಸಣ್ಣ ಮೈದಾನಕ್ಕೆ ಡ್ರೈವ್ ಮಾಡಿಕೊಂಡು ಹೋಗುತ್ತಿದ್ದರು. ಪಿಚರ್‌ಗಳು ಆಟಕ್ಕೆ ಮೊದಲು ಕೈ ಸಡಿಲಿಸಿಕೊಳ್ಳುವ ಜಾಗದ ಬೇಲಿಗೆ ಒತ್ತಿಕೊಂಡು ನಿಲ್ಲುತ್ತಿದ್ದರು. ಈ ವರ್ಷ ಅವರಿಬ್ಬರ ಕಣ್ಣೂ ಇದ್ದದ್ದು ಮಟೇಯೋ ರಿಂಕನ್ ಎಂಬ ಇಪ್ಪತ್ತರ ಹುಡುಗನ ಮೇಲೆ. ಕಡ್ಡಿಯಂಥ ಮೈ, ಮೊಣಕಾಲು ಮುಟ್ಟುವಂಥ ತೋಳು. ಅವನ ಜೋರು ಎಸೆತ ಗ್ಲೌಸಿಗೆ ಬಡಿದರೆ ಮೈದಾನವೆಲ್ಲ ತಿರುಗಿ ನೋಡುತ್ತಿತ್ತು. ಮೆತ್ತಗಿನ ಎಸೆತ ಮಾತ್ರ ಇನ್ನೂ ಕೈಗೆ ಹತ್ತಿರಲಿಲ್ಲ.

"ಇವ್ನು ರೆಡಿ ಅಪ್ಪ," ಎಂದಳು ತೃಷಾ ಏಪ್ರಿಲ್‌ನಲ್ಲಿ.

"ಇನ್ನೊಂದು ಸೀಸನ್ ಆಗಲಿ," ಎಂದರು ಶಾಂತಾರಾಮರು.

ತೃಷಾ ಬೇಲಿಗೆ ಇನ್ನಷ್ಟು ಒತ್ತಿಕೊಂಡಳು. ಬೇಲಿಯ ಆಚೆಗಿನ ಹುಡುಗನನ್ನೇ ನೋಡುತ್ತ ನಿಂತಳು.

ಮೇ ತಿಂಗಳ ಹೊತ್ತಿಗೆ ನ್ಯೂಯಾರ್ಕಿನ ರೇಡಿಯೋ ತುಂಬ ಮಟೇಯೋನದ್ದೇ ಹೆಸರು. ದೊಡ್ಡ ತಂಡ ಸೋಲುತ್ತಿತ್ತು, ಹುಡುಗನನ್ನು ಮೇಲೆ ತನ್ನಿ ಎಂದು ಜನ ಬೊಬ್ಬೆ ಹೊಡೆಯುತ್ತಿದ್ದರು. ಈ ಊರಿನಲ್ಲಿ ಹಗಲಿಡೀ ಬರೀ ಆಟದ ಹರಟೆಯೇ ನಡೆಯುವ ರೇಡಿಯೋ ಸ್ಟೇಷನ್ನುಗಳಿವೆ. ಯಾರು ಬೇಕಾದರೂ ಫೋನ್ ಮಾಡಿ, ಸರದಿ ಬರುವವರೆಗೆ ಕಾದು, ಒಂದೆರಡು ನಿಮಿಷ ತಮ್ಮ ಸಿಟ್ಟು ಕಾರಿಕೊಳ್ಳಬಹುದು. ಶಾಂತಾರಾಮರು ಅಲ್ಲಿಯ ಹಳೆಯ ಗಿರಾಕಿ. ಶಾಂತಾರಾಮ ಎಂಬ ಹೆಸರು ಆ ಸ್ಟೇಷನ್ನಿನವರ ನಾಲಿಗೆಗೆ ಒಗ್ಗದೆ, ಅಲ್ಲಿ ಅವರು ಐಸೆಲಿನ್‌ನ ಶಾನ್ ಆಗಿದ್ದರು.

ಒಂದು ಗುರುವಾರ ಮಧ್ಯಾಹ್ನ ಊಟದ ರಶ್ ಮುಗಿದ ಮೇಲೆ ಐಸೆಲಿನ್‌ನ ಶಾನ್ ಕೌಂಟರಿನಿಂದ ಫೋನ್ ಮಾಡಿದರು. ಒಳಗೆ ಕಾವಲಿಯ ಪಕ್ಕದಲ್ಲಿ ಅದೇ ಸ್ಟೇಷನ್ ಮೆಲ್ಲಗೆ ಹಾಡಿಕೊಳ್ಳುತ್ತಿತ್ತು. ಸರದಿ ಬಂತು. ಇಂಗ್ಲಿಷಿನಲ್ಲಿ, ತಡವರಿಸದೆ, ಒಂದೇ ಉಸಿರಿಗೆ ತಮ್ಮ ವಾದ ಹೂಡಿದರು: ಹುಡುಗನಿಗೆ ಮೆತ್ತಗಿನ ಎಸೆತ ಬಂದಿಲ್ಲ, ಒಂದು ಪೂರ್ತಿ ಬೇಸಿಗೆ ಎಸೆದ ಅನುಭವವಿಲ್ಲ, ಕೈ ಹಾಳಾದರೆ ನೀವು ಇನ್ನೊಬ್ಬನನ್ನು ಹುಡುಕುತ್ತೀರಿ, ಅವನು ಏನು ಮಾಡಬೇಕು?

ಹೋಸ್ಟ್ ಕೆಟ್ಟವನಲ್ಲ. ಪೂರ್ತಿ ಕೇಳಿಸಿಕೊಂಡ. ಆಮೇಲೆ ಕೇಳಿದ: "ಶಾನ್, ನೀನು ವರ್ಷಗಳಿಂದ ಫೋನ್ ಮಾಡುತ್ತೀಯ. ಯಾರು ತಯಾರಾಗಿಲ್ಲ ಅಂತ ಪ್ರತಿ ಸಲ ಹೇಳುತ್ತೀಯ. ಇವತ್ತು ಒಂದು ಹೇಳು. ತಯಾರಾಗಿದ್ದಾನೆ ಅಂತ ನಿನಗೆ ಯಾವುದರಿಂದ ಗೊತ್ತಾಗುತ್ತದೆ?"

ಶಾಂತಾರಾಮರು ಬಾಯಿ ತೆರೆದರು. ಏನೂ ಹೊರಡಲಿಲ್ಲ. "ಶಾನ್? ಇದ್ದೀಯಾ?" ಎಂದ ಹೋಸ್ಟ್. ಆಮೇಲೆ ನಕ್ಕು ಮುಂದಿನವರನ್ನು ಕರೆದ.

ಇಂಥ ರೇಡಿಯೋಗಳಲ್ಲಿ ಆಡಿದ ಮಾತು ಕೆಲವು ಸೆಕೆಂಡು ತಡವಾಗಿ ಪ್ರಸಾರವಾಗುತ್ತದೆ. ಫೋನ್ ಕೆಳಗಿಟ್ಟ ಶಾಂತಾರಾಮರಿಗೆ ಅಡುಗೆಮನೆಯಿಂದ ಅದೇ ಪ್ರಶ್ನೆ ಮತ್ತೊಮ್ಮೆ ಕೇಳಿಸಿತು, ಅದರ ಬೆನ್ನಿಗೇ ತಮ್ಮ ಮೌನವೂ. ಮಾಡಿದ ಮೌನವನ್ನು ಎರಡು ಸಲ ಅನುಭವಿಸುವ ಶಿಕ್ಷೆ ಯಾರಿಗೂ ಬೇಡ.

ತೃಷಾ ಏಪ್ರನ್ನಿಗೆ ಕೈ ಒರಸಿಕೊಳ್ಳುತ್ತ ಹೊರಗೆ ಬಂದಳು.

"ಅಪ್ಪ, ನಂದೂ ಅದೇ ಕ್ವೆಶ್ಚನ್."

"ಎಂತ?"

"ನಾನು ರೆಡಿ ಅಂತ ನಿಮಗೆ ಹೇಗೆ ಗೊತ್ತಾಗ್ತದೆ? ಐದು ವರ್ಷ ಆಯ್ತು. ಆ ಸ್ನೋ ಬಿದ್ದ ಶನಿವಾರ ಒಂದು ಬಿಟ್ರೆ ವೀಕೆಂಡ್ ಒಂದ್ಸಲನೂ ಕೊಡ್ಲಿಲ್ಲ ನೀವು."

"ಕೊಡ್ತೇನೆ ಮಗಾ. ಇನ್ನೊಂದು..."

"ಹೇಳ್ಬೇಡಿ ಅಪ್ಪ. ಪ್ಲೀಸ್ ಡೋಂಟ್ ಸೇ ಇಟ್." ಅವಳು ಏಪ್ರನ್ನಿನ ಗಂಟು ಬಿಚ್ಚಿದಳು. "ಹೋಬೋಕನ್‌ನಲ್ಲಿ ಹೊಸ ರೆಸ್ಟೊರೆಂಟ್ ಓಪನ್ ಆಗ್ತಾ ಉಂಟು. ನನ್ನನ್ನ ಕೇಳಿದ್ದಾರೆ. ಹೆಡ್ ಕುಕ್. ಶನಿವಾರ ಭಾನುವಾರ ಕಾವಲಿ ನಂದೇ. ಎರಡು ವಾರದಿಂದ ಅವ್ರಿಗೆ ಆನ್ಸರ್ ಮಾಡಿಲ್ಲ ನಾನು. ನೀವು ಈ ಶನಿವಾರ ಕೊಡ್ತೀರಿ ಅಂದ್ರೆ ಹೋಗುದಿಲ್ಲ."

ಎಷ್ಟು ಸಣ್ಣ ಬೇಡಿಕೆ! ಶನಿವಾರದ ಕಾವಲಿ ಕೊಟ್ಟುಬಿಟ್ಟಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಶಾಂತಾರಾಮರು ಹೆದರಿದರು, ಹೆದರಿದ ಗಂಡಸರು ಸಾಮಾನ್ಯವಾಗಿ ಮಾಡುವಂತೆ ಗದರಿದರು.

"ಅಲ್ಲಿ ಹೋಗಿ ಎಂತ ಮಾಡ್ತಿ? ನಿನ್ನ ಕೈ ಹಾಳು ಮಾಡಿ ಕಳಿಸ್ತಾರೆ. ಎರಡು ವಾರದಲ್ಲಿ ವಾಪಸ್ ಬರ್ತಿ, ಬರೆದಿಟ್ಕೊ."

"ನಾನು ಸೂರಜ್ ಅಲ್ಲ ಅಪ್ಪ," ಎಂದಳು ತೃಷಾ.

ಜೂನ್ ತಿಂಗಳ ಮೊದಲ ವಾರ ಅವಳು ಹೋದಳು. ರಾತ್ರಿ ಕೆಲಸ ಮುಗಿಯುವುದು ತಡವಾಗುತ್ತದೆ ಎಂದು ಹೋಬೋಕನ್‌ನಲ್ಲೇ ರೂಮು ಮಾಡಿದಳು. ರೈಲಿನಲ್ಲಿ ಹೋದರೆ ಒಂದು ಗಂಟೆಯ ದಾರಿ, ಏಳು ಸಮುದ್ರದಾಚೆಯೇನಲ್ಲ. ಆದರೂ ಅವಳು ಬರಲಿಲ್ಲ, ಇವರು ಹೋಗಲಿಲ್ಲ. ದಿನಾ ಬೆಳಿಗ್ಗೆ ಒಂದು ಮೆಸೇಜ್ ಬರುತ್ತಿತ್ತು: ತಿಂಡಿ ಆಯ್ತಾ, ಬಿಪಿ ಮಾತ್ರೆ ತಗೊಂಡ್ರಾ. ಇವರು ಹೆಬ್ಬೆರಳಿನ ಚಿತ್ರ ಒತ್ತುತ್ತಿದ್ದರು.

ಅವಳು ಹೋದ ಮರುದಿನ ದಿವಾಕರ ಕಾವಲಿ ಕೆರೆಯುತ್ತ, ಮುಖ ನೋಡದೆ ಹೇಳಿದರು: "ಹೆಬ್ಬಾರ್ರೇ, ಸುಳ್ಳು ಯಾಕೆ ಹೇಳುದು? ಅವಳ ಕೈ ನನ್ನದಕ್ಕಿಂತ ಹಗುರ ಉಂಟು. ನಿಮಗೂ ಗೊತ್ತಿತ್ತು."

ಗೊತ್ತಿತ್ತು. ಎರಡು ವರ್ಷದ ಹಿಂದೆ ಹಿಮ ಬಿದ್ದು ದಿವಾಕರ ಬರಲಾಗದ ಆ ಶನಿವಾರ, ಬೂಟು ಒದರಿಕೊಂಡು ಒಳಬಂದ ಜನರಿಗೆಲ್ಲ ತೃಷಾ ಒಬ್ಬಳೇ ದೋಸೆ ಹುಯ್ದಿದ್ದಳು. ಅಂಚು ಗರಿಗರಿ, ನಡುವೆ ಮೆತ್ತಗೆ, ಒಂದೂ ಕರಕಲಾಗಲಿಲ್ಲ, ಒಂದೂ ಹರಿಯಲಿಲ್ಲ. ಶಾಂತಾರಾಮರು ಆವತ್ತು ಕ್ಲಿಕ್ ಮಾಡುವುದನ್ನೇ ಮರೆತಿದ್ದರು. ಮುಂದಿನ ಶನಿವಾರ ಏನೂ ಆಗಿಲ್ಲವೆಂಬಂತೆ ದಿವಾಕರರನ್ನು ಕಾವಲಿಗೆ ನಿಲ್ಲಿಸಿದರು. ಕೈಗೆ ಏನಾದರೂ ಆದೀತು ಎಂದು ತಮಗೆ ತಾವೇ ಹೇಳಿಕೊಂಡರು. ಆದರೆ ಒಳಗೆ ಇದ್ದದ್ದು ಬೇರೆ. ಇಷ್ಟು ವರ್ಷ ಆ ಸಣ್ಣ ಮೈದಾನದಲ್ಲಿ ಕೂತು ಅವರು ಕಲಿತದ್ದು ಒಂದೇ ಪಾಠ, ತಯಾರಾದವರು ಬಿಟ್ಟು ಹೋಗುತ್ತಾರೆ. ಮಗಳು ತಯಾರಾಗದಿದ್ದರೆ ಮಗಳು ಮನೆಯಲ್ಲಿರುತ್ತಾಳೆ.

ಆ ಜೂನ್ ತಿಂಗಳು ಅವರು ಹೋಟೆಲಿನಲ್ಲೇ ಹೆಚ್ಚು ಹೊತ್ತು ಕಳೆಯತೊಡಗಿದರು. ಮನೆಗೆ ಹೋದರೆ ಗೋಡೆಗಳ ಮುಖ ನೋಡಬೇಕು. ಗಿರಾಕಿಗಳೊಂದಿಗೆ ಹರಟೋಣವೆಂದರೆ, ತೃಷಾಳೇ ಒಂದು ವರ್ಷದ ಕೆಳಗೆ ಮೇಜುಗಳ ಮೇಲೆ ಅಂಟಿಸಿದ್ದ ಕ್ಯೂಆರ್ ಕೋಡಿಗೆ ಫೋನ್ ಹಿಡಿದು ಹೆಚ್ಚಿನವರು ಕೂತಲ್ಲೇ ಹಣ ಕೊಟ್ಟು ಎದ್ದು ಹೋಗುತ್ತಿದ್ದರು. ಕೌಂಟರಿನ ಕಡೆ ಬರುವವರಲ್ಲಿ ಸೋಂಪು ಬೇಕಾದವರೇ ಹೆಚ್ಚು. ಒಂದು ಚಮಚ ಸೋಂಪು ಬಾಯಿಗೆ ಹಾಕಿಕೊಂಡು, ಕೈ ಬೀಸಿ ಹೊರಡುತ್ತಿದ್ದರು. ಶಾಂತಾರಾಮರು ರೇಡಿಯೋಗೂ ಮತ್ತೆ ಫೋನ್ ಮಾಡಲಿಲ್ಲ. ಒಂದು ಸಂಜೆ ಅರಿಜೋನಾಕ್ಕೆ ಮಾಡಿದರು. ಹಬ್ಬವೇನೂ ಇಲ್ಲದ ದಿನ ಅಪ್ಪನ ಫೋನ್ ಬಂದದ್ದಕ್ಕೆ ಸೂರಜ್ ಗಾಬರಿಯಾಗಿ, "ಎವ್ರಿಥಿಂಗ್ ಓಕೆ, ಅಪ್ಪ?" ಎಂದ. ಓಕೆ ಎಂದು ಹೇಳಿ ಇಟ್ಟರು.

ಜುಲೈ ಮೊದಲ ಮಂಗಳವಾರ ಅವರು ಒಬ್ಬರೇ ಮೈದಾನಕ್ಕೆ ಹೋದರು. ಆಟ ಶುರುವಾಗುವ ಮೊದಲು ಮೈಕಿನಲ್ಲಿ ಘೋಷಣೆ ಬಂತು: ಮಟೇಯೋ ರಿಂಕನ್‌ಗೆ ನ್ಯೂಯಾರ್ಕಿನಿಂದ ಕರೆ ಬಂದಿದೆ. ಐದು ಸಾವಿರ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಶಾಂತಾರಾಮರು ಏಳಲಿಲ್ಲ. ಪಕ್ಕದ ಮುದುಕಿ ಅವರ ಹೆಗಲು ತಟ್ಟಿ, ನಮ್ಮ ಹುಡುಗ ಹೋದ ನೋಡು ಎಂದು ಕಣ್ಣು ಒರಸಿಕೊಂಡಳು. ಅವರು ಎದ್ದು ಬೇಲಿಯ ಕಡೆ ನಡೆದರು. ಮಟೇಯೋ ಕೈ ಸಡಿಲಿಸಿಕೊಳ್ಳುತ್ತಿದ್ದ ಜಾಗದಲ್ಲಿ ಬೇರೊಬ್ಬ ಹುಡುಗ ಎಸೆಯುತ್ತಿದ್ದ. ಅವನ ಹೆಸರೂ ಶಾಂತಾರಾಮರಿಗೆ ಗೊತ್ತಿರಲಿಲ್ಲ. ಪಕ್ಕದಲ್ಲಿ ಕೇಳುವವರೂ ಇರಲಿಲ್ಲ. ಎರಡನೆಯ ಇನ್ನಿಂಗ್ಸಿಗೆಲ್ಲ ಎದ್ದು ಕಾರು ಹತ್ತಿದರು.

ಮಟೇಯೋನ ಮೊದಲ ದೊಡ್ಡ ಆಟ ಆ ಭಾನುವಾರ ಮಧ್ಯಾಹ್ನ ಇತ್ತು. ಹೋಟೆಲಿನ ಮೂಲೆಯ ಟಿವಿಗೆ ಹಾಕಿಕೊಂಡು ಶಾಂತಾರಾಮರು ಕೌಂಟರಿನಿಂದಲೇ ನೋಡಿದರು. ಮೊದಲ ಮೂವರನ್ನು ಹುಡುಗ ಬರೀ ವೇಗದಿಂದಲೇ ಹೊರಗಟ್ಟಿದ. ಎರಡನೆಯ ಇನ್ನಿಂಗ್ಸಿನಲ್ಲಿ ಎದುರಾಳಿಗಳಿಗೆ ಗುಟ್ಟು ತಿಳಿಯಿತು. ಇವನಲ್ಲಿ ಇರುವುದು ಜೋರು ಎಸೆತ ಒಂದೇ ಎಂದು ಕಾದು ಕೂತು ಬಾರಿಸಿದರು. ಒಂದು, ಎರಡು, ಆರು ಓಟ. ಮ್ಯಾನೇಜರ್ ಬಂದು ಅವನ ಕೈಯಿಂದ ಚೆಂಡು ತೆಗೆದುಕೊಂಡ. ಹುಡುಗ ಬೆಂಚಿನ ಮೂಲೆಯಲ್ಲಿ ತಲೆಯ ಮೇಲೆ ಟವೆಲು ಹೊದ್ದು ಕೂತ. ಕ್ಯಾಮೆರಾ ಅವನನ್ನು ಬಿಡಲೇ ಇಲ್ಲ.

"ಯು ವರ್ ರೈಟ್, ಅಂಕಲ್!" ಎಂದು ಸೋಂಪಿಗೆ ಬಂದ ಮಿಹಿರ್ ಎಂಬ ಗುಜರಾತಿ ಹುಡುಗ ಬೆರಳೆತ್ತಿ ತೋರಿಸಿ ಹೋದ.

ಹೌದು, ಅವರು ಹೇಳಿದ್ದೇ ಆಗಿತ್ತು. ಅಕ್ಷರಶಃ ಹಾಗೇ ಆಗಿತ್ತು. ಈ ಕ್ಷಣ ಬಂದರೆ ಎಷ್ಟು ಖುಷಿಯಾದೀತು ಎಂದು ವರ್ಷಗಟ್ಟಲೆ ಅಂದುಕೊಂಡಿದ್ದರು. ಬಂದಾಗ ಟಿವಿಯ ಸದ್ದು ಅಡಗಿಸಿದರು. ಅಡುಗೆಮನೆಯ ರೇಡಿಯೋದಲ್ಲಿ, ಮೇಲೆ ತನ್ನಿ ಎಂದು ಬೊಬ್ಬೆ ಹೊಡೆದ ಜನವೇ ಈಗ ಕೆಳಗೆ ಕಳಿಸಿ ಎಂದು ಸಾಲುಗಟ್ಟಿತ್ತು. ಶಾಂತಾರಾಮರು ಒಳಗೆ ಹೋಗಿ ಅದರ ಕಿವಿ ಹಿಂಡಿ ಬಂದ್ ಮಾಡಿದರು.

ನಾಲ್ಕು ಗಂಟೆಯ ಹೊತ್ತಿಗೆ ಹೋಟೆಲು ಖಾಲಿಯಾಯಿತು. ದಿವಾಕರ ಕಾಲು ಚಾಚಲು ಹಿಂದಿನ ಬಾಗಿಲಿನ ಆಚೆ ಹೋದರು. ಆಗ ತೃಷಾಳ ಫೋನ್ ಬಂತು. ಮೆಸೇಜ್ ಅಲ್ಲ, ಫೋನ್.

ಮೊದಲು ಉಸಿರು ಮಾತ್ರ ಕೇಳಿಸಿತು.

"ಮಗಾ? ಎಂತ ಆಯ್ತು?"

"ಅಪ್ಪ, ಎಲ್ಲ ಹಾಳಾಯ್ತು." ಅವಳು ಅಳುತ್ತಿದ್ದಳು. "ಹಿಟ್ಟು ಹುಳಿ ಬಂತು. ದೋಸೆ ಏಳುದೇ ಇಲ್ಲ, ಎಲ್ಲ ಕಾವಲಿಗೆ ಹಿಡ್ಕೊಳ್ತು. ಹೊರಗೆ ಅಷ್ಟು ಜನ ವೇಟ್ ಮಾಡ್ತಿದ್ರು. ಓನರ್ ಬಂದು ಎಲ್ರ ಎದುರು ನನ್ನ ಕೈಯಿಂದ ಸಟ್ಟುಗ ಇಸ್ಕೊಂಡು, ಹೋಗಿ ಆನಿಯನ್ ಕಟ್ ಮಾಡು ಅಂದ. ನಾನು ಹಿಂದೆ ಸ್ಟೆಪ್ಸ್ ಮೇಲೆ ಕೂತಿದ್ದೇನೆ." ಮೂಗು ಎಳೆದುಕೊಂಡು ಹೇಳಿದಳು: "ನೀವು ಹೇಳಿದ್ದೇ ಸರಿ ಅಪ್ಪ. ಐ ವಾಸಂಟ್ ರೆಡಿ."

ಒಂದು ತಿಂಗಳಿನಿಂದ ಶಾಂತಾರಾಮರು ಕಾಯುತ್ತಿದ್ದದ್ದು ಈ ಫೋನಿಗೆ. ಯಾರಿಗೂ ಹೇಳಿರಲಿಲ್ಲ, ದೇವರ ಎದುರು ನಿಂತಾಗಲೂ ಬಾಯಿಬಿಟ್ಟು ಕೇಳಿರಲಿಲ್ಲ. ಆದರೆ ಮಗಳು ಸೋಲಲಿ, ಸೋತು ಮನೆಗೆ ಬರಲಿ ಎಂದು ಒಳ ಮನಸ್ಸು ದಿನಾ ಬೆಳಿಗ್ಗೆ ಹಾರೈಸಿತ್ತು. ಆ ಹಾರೈಕೆ ಈಗ ಹೋಬೋಕನ್‌ನ ಯಾವುದೋ ಹಿತ್ತಲ ಮೆಟ್ಟಿಲ ಮೇಲೆ ಕೂತು ಬಿಕ್ಕುತ್ತಿತ್ತು. ಅವರಿಗೆ ತಮ್ಮ ಮೇಲೆಯೇ ಹೇಸಿಗೆಯಾಯಿತು.

"ಹಿಟ್ಟು ರಾತ್ರಿ ಎಲ್ಲಿ ಇಟ್ಟಿದ್ದಿ?" ಎಂದು ಕೇಳಿದರು.

"ಕಿಚನ್ನಲ್ಲೇ. ನಮ್ಮಲ್ಲಿ ಇಡುವ ಹಾಗೆ."

"ಅಲ್ಲಿ ಎಸಿ ಆಫ್ ಮಾಡಿ ಹೋಗ್ತಾರಾ?"

"ಹೌದು."

"ಮತ್ತೆ? ಜುಲೈ ಸೆಕೆ ಇದು. ಹಿಟ್ಟಿನ ತಪ್ಪು ಅದು, ಕೈಯದ್ದಲ್ಲ. ಇವತ್ತು ಉದ್ದು ಸ್ವಲ್ಪ ಕಡಿಮೆ ಹಾಕು. ಗ್ರೈಂಡರಿನಲ್ಲಿ ಕಡೆಯುವಾಗ ಐಸ್ ನೀರು ಹಾಕು. ಮಲಗುವ ಮುಂಚೆ ಮೂಸಿ ನೋಡು, ಹುಳಿ ಬರ್ಲಿಕ್ಕೆ ಶುರುವಾಗಿದ್ರೆ ಫ್ರಿಜ್ಜಿಗೆ ಇಡು. ನಾಳೆ ಸರಿಯಾಗ್ತದೆ."

"ನಾಳೆ ಹೋಗುದಿಲ್ಲ ಅಪ್ಪ. ನಾನು ಮನೆಗೆ ಬರ್ತೇನೆ. ಬುಧವಾರ ಗುರುವಾರ ಮಾಡ್ಕೊಂಡು ಇರ್ತೇನೆ. ನೂರೇ ದೋಸೆ ಸಾಕು ನಂಗೆ."

ಬಾ ಎನ್ನುವುದಕ್ಕೆ ಎಷ್ಟು ಹೊತ್ತು ಬೇಕು? ಒಂದೇ ಅಕ್ಷರ. ಅವಳು ಬಂದರೆ ಇವತ್ತು ರಾತ್ರಿಯೇ ಮನೆಯ ಎರಡು ಕೋಣೆಗಳಲ್ಲಿ ದೀಪ ಉರಿಯುತ್ತದೆ, ಯಾರೋ ಓಡಾಡಿದ ಸದ್ದಾಗುತ್ತದೆ. ಬಂದವಳು ಮತ್ತೆ ಎಂದೂ ಹೋಗುವುದಿಲ್ಲ ಎಂಬುದೂ ಅವರಿಗೆ ತಿಳಿದಿತ್ತು. ಸೂರಜನ ಕೈ ಹೋದ ಹಾಗೆ ಇವಳ ಆಸೆ ಹೋಗುತ್ತದೆ, ಅದಕ್ಕೆ ಆಪರೇಷನ್ನೂ ಇಲ್ಲ.

"ಮಗಾ, ಒಂದು ಹೇಳ್ತೇನೆ ಕೇಳು. ಆ ಸ್ನೋ ಶನಿವಾರ ನೀನು ಹುಯ್ದ ದೋಸೆ ನಾನು ಸ್ಟೋರ್ ರೂಮಿನಲ್ಲಿ ನಿಂತ್ಕೊಂಡು ಮೂರು ತಿಂದೆ. ನನ್ನ ಕೈಯಲ್ಲಿ ಜನ್ಮದಲ್ಲಿ ಅಂಥದ್ದು ಬರ್ಲಿಲ್ಲ. ಅವತ್ತೇ ನಿನಗೆ ಹೇಳಬೇಕಿತ್ತು. ಹೇಳಿದ್ರೆ ನೀನು ಹೋಗ್ತಿ ಅಂತ ಹೇಳ್ಲಿಲ್ಲ."

ಆ ಕಡೆಯಿಂದ ಅಳು ನಿಂತಿತು.

"ನಾಳೆ ಹೋಗು," ಎಂದರು ಶಾಂತಾರಾಮರು. "ಆನಿಯನ್ ಕಟ್ ಮಾಡು ಅಂದ್ರೆ ಮಾಡು. ಹಿಟ್ಟು ಮಾತ್ರ ನೀನೇ ಕಡೆ. ಇಲ್ಲಿಗೆ ಬರುವುದು ಬೇಡ."

ತೃಷಾ ಚಿಕ್ಕ ದನಿಯಲ್ಲಿ ಕೇಳಿದಳು: "ಅಪ್ಪ, ನಿಮಗೆ ಅಲ್ಲಿ ಒಬ್ರಿಗೇ ಬೇಜಾರಾಗ್ತದಾ? ನಿಜ ಹೇಳಿ. ಆಗ್ತದೆ ಅಂದ್ರೆ ಈಗಲೇ ಟ್ರೇನ್ ಹತ್ತುತ್ತೇನೆ."

ಶಾಂತಾರಾಮರು ಎದುರಿಗೆ ನೋಡಿದರು. ಒರಸಿಟ್ಟ ಮೇಜುಗಳು, ಒಳಗೆ ತಳ್ಳಿದ ಕುರ್ಚಿಗಳು. ಟಿವಿಯಲ್ಲಿ ಸದ್ದಿಲ್ಲದೆ ಯಾವುದೋ ಜಾಹೀರಾತು ಓಡುತ್ತಿತ್ತು.

"ಬೇಜಾರಾ? ಪುರುಸೊತ್ತು ಎಲ್ಲುಂಟು ಬೇಜಾರಿಗೆ? ಇಲ್ಲಿ ಜನ ತುಂಬಿ ಹೊರಗೆ ನಿಂತಿದ್ದಾರೆ. ಇಡ್ತೇನೆ ಮಗಾ, ಬಿಲ್ಲಿಗೆ ಕರೀತಿದ್ದಾರೆ."

ಫೋನನ್ನು ಕೌಂಟರಿನ ಮೇಲೆ ಬೋರಲು ಹಾಕಿದರು. ಅವಳು ಮತ್ತೆ ಮಾಡುತ್ತಾಳೇನೋ ಎಂದು ಕಾದರು, ಮಾಡದಿರಲಿ ಎಂದು ಬೇಡಿಕೊಂಡರು. ಸಂಜೆಯ ಮೊದಲ ಗಿರಾಕಿ ಬಾಗಿಲು ತಳ್ಳಿಕೊಂಡು ಬರುವವರೆಗೆ ಅವರ ಕಣ್ಣು ಅದರ ಮೇಲೇ ಇತ್ತು. ಫೋನ್ ಮಾಡಲಿಲ್ಲ ಅವಳು.